ದಾನ ಪಡೆಯುವವನ ಒಪ್ಪಿಗೆ



ನಮ್ಮ ದೇಶದಲ್ಲಿ ಕಾನೂನಿನ ವಿಷಯಕ್ಕೆಂದೇ ಇಟ್ಟ ದತ್ತಿ ಉಪನ್ಯಾಸಗಳಲ್ಲಿ ಬಹಳ ಹೆಸರಾದದ್ದು ಕಲ್ಕತ್ತಾ ವಿಶ್ವವಿದ್ಯಾಲಯದ ಟ್ಯಾಗೋರ್ ಲಾ ಲೆಕ್ಚರ್ಸ್. ಇಲ್ಲಿನ ಟ್ಯಾಗೋರ್ ಕವಿ ರವೀಂದ್ರರಲ್ಲ, ಅದೇ ವಂಶದ ಇನ್ನೊಂದು ಕವಲಿನ ಪ್ರಸನ್ನಕುಮಾರ ಟ್ಯಾಗೋರ್. ವಕೀಲಿಯಲ್ಲಿ ಹೆಸರು ಮಾಡಿದವರು, ದೊಡ್ಡ ಜಮೀನ್ದಾರರು. 1868ರಲ್ಲಿ ತೀರಿಕೊಂಡಾಗ ಅವರ ಉಯಿಲಿನಲ್ಲಿ ವಿಶ್ವವಿದ್ಯಾಲಯಕ್ಕೆ ಬಿಟ್ಟ ಹಣವೂ ಇತ್ತು. ಅದರಿಂದ 1870ರಲ್ಲಿ ಉಪನ್ಯಾಸಗಳು ಆರಂಭವಾದವು. ಮೊದಲನೆಯ ಸಾಲಿನ ವಿಷಯ ಹಿಂದೂ ಕಾನೂನು.

ಆ ಉಪನ್ಯಾಸಗಳು ನಡೆಯುತ್ತಿದ್ದ ಕಾಲದಲ್ಲೇ ಅದೇ ಉಯಿಲು ಕೋರ್ಟು ಹತ್ತಿತ್ತು. ಪ್ರಸನ್ನಕುಮಾರರ ಒಬ್ಬನೇ ಮಗ ಜ್ಞಾನೇಂದ್ರಮೋಹನ ಕ್ರೈಸ್ತ ಧರ್ಮ ಸ್ವೀಕರಿಸಿದ್ದರು. ತಂದೆ ಅವರಿಗೆ ಏನನ್ನೂ ಬಿಡಲಿಲ್ಲ. ಆಸ್ತಿಯ ಆದಾಯ ಮೊದಲು ಸೋದರನ ಮಗ ಜತೀಂದ್ರಮೋಹನ ಟ್ಯಾಗೋರರಿಗೆ ಜೀವಮಾನ ಪರ್ಯಂತ, ಅವರ ನಂತರ ಅವರಿಗೆ ಹುಟ್ಟಬಹುದಾದ ಗಂಡುಮಕ್ಕಳಿಗೆ, ಆಮೇಲೆ ಇನ್ನೊಂದು ಕವಲಿಗೆ, ಹೀಗೆ ತಲೆಮಾರುಗಳ ಉದ್ದಕ್ಕೂ ಗಂಡು ಸಂತತಿಗೇ ಹೋಗುತ್ತಿರಬೇಕೆಂದು ಬರೆದರು. ಇಂಗ್ಲಿಷ್ ಜಮೀನ್ದಾರರ ಪದ್ಧತಿಯನ್ನು ಬಂಗಾಳದ ನೆಲದಲ್ಲಿ ನೆಡುವ ಆಸೆ. 1872ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದು ಇಷ್ಟು: ಮಗನನ್ನು ಬಿಟ್ಟು ಬೇರೆಯವರಿಗೆ ಕೊಡುವ ಅಧಿಕಾರ ತಂದೆಗಿದೆ, ಆದರೆ 'ಮಗನಿಗೆ ಬೇಡ' ಎಂದಷ್ಟೇ ಬರೆದರೆ ಮಗನ ಹಕ್ಕು ಹೋಗುವುದಿಲ್ಲ, ಬೇರೆ ಯಾರಿಗಾದರೂ ಸರಿಯಾಗಿ ಕೊಟ್ಟಿರಬೇಕು. ಜತೀಂದ್ರಮೋಹನರು ಕಣ್ಣೆದುರಿಗಿದ್ದವರು, ಅವರಿಗೆ ಕೊಟ್ಟದ್ದು ಸರಿ. ಇನ್ನೂ ಹುಟ್ಟದವರಿಗೆ ಕೊಟ್ಟದ್ದು ಕೊಟ್ಟ ಹಾಗೆಯೇ ಅಲ್ಲ, ಏಕೆಂದರೆ ತೆಗೆದುಕೊಳ್ಳಲು ಅಲ್ಲಿ ಯಾರೂ ಇಲ್ಲ. ಜೀವಮಾನದ ಹಕ್ಕು ಮುಗಿದ ಮೇಲೆ ಉಳಿದದ್ದು, ಯಾರಿಗೆ ಬೇಡವೆಂದು ತಂದೆ ಬರೆದಿದ್ದರೋ ಆ ಮಗನ ಪಾಲಿನದೇ ಎಂದಾಯಿತು.

ಉಯಿಲು ಬೇರೆ, ದಾನ ಬೇರೆ ಎಂದು ಮುಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಗಳು ಹೇಳಬಹುದು, ಸರಿಯೇ. ಆದರೆ ಉಯಿಲಿನ ಬಗ್ಗೆ ತೀರ್ಮಾನಿಸುವಾಗ ನ್ಯಾಯಮೂರ್ತಿಗಳು ಒರೆಗೆ ಹಚ್ಚಿದ್ದು ಹಿಂದೂ ಕಾನೂನಿನ ದಾನದ ನಿಯಮವನ್ನೇ: ಪಡೆಯುವವನು ಇರಬೇಕು, ಪಡೆಯಲು ಶಕ್ತನಿರಬೇಕು. 1916ರ ಶಾಸನವೊಂದು ಹುಟ್ಟಲಿರುವವರಿಗೂ ಮಿತಿಗಳೊಳಗೆ ಆಸ್ತಿ ಬಿಡುವ ದಾರಿ ತೆರೆದು ಆ ಬಿಗಿಯನ್ನು ಸಡಿಲಿಸಿತು. ಆದರೂ ಅಂದಿನ ಪ್ರಶ್ನೆ ಹಳೆಯದಾಗಿಲ್ಲ. ದಾನವೆಂದರೆ ಕೊಡುವವನ ಔದಾರ್ಯ ಎಂಬ ತಿಳಿವಳಿಕೆಯಲ್ಲೇ ನಾವು ಬೆಳೆದವರು. ಕಲ್ಲಿನಲ್ಲಿ ಕೊರೆಸುವುದು, ಫಲಕದಲ್ಲಿ ಬರೆಸುವುದು ಕೊಟ್ಟವನ ಹೆಸರನ್ನು. ಕಾನೂನು ಮಾತ್ರ ಇಡೀ ವ್ಯವಹಾರದ ಕೀಲನ್ನು ಪಡೆಯುವವನ ಕಡೆಗೆ ಇಟ್ಟಿದೆ. ಇವತ್ತು ನಾನು ಮಾತನಾಡಬೇಕೆಂದಿರುವುದು ಅವನ ಬಗ್ಗೆ.

ಪುಸ್ತಕಗಳಲ್ಲಿ ಅವನಿಗೆ ದಾನಗ್ರಹೀತ ಎಂಬ ಹೆಸರಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕುಳಿತ ಪತ್ರ ಬರಹಗಾರರು ಅಷ್ಟು ದೂರ ಹೋಗುವುದಿಲ್ಲ. ಅವರಿಗೆ ಒಬ್ಬರು 'ಬರೆದುಕೊಟ್ಟವರು', ಇನ್ನೊಬ್ಬರು 'ಬರೆಸಿಕೊಂಡವರು'. ಇಂಗ್ಲಿಷಿನ 'ಡೋನಿ' ಎಂಬುದಕ್ಕೆ ವಕೀಲರಲ್ಲಿ ಇನ್ನೊಂದು ಬಳಕೆಯೂ ಉಂಟು. 1882ರ ಅಧಿಕಾರಪತ್ರಗಳ ಕಾಯ್ದೆಯಲ್ಲಿ ಪವರ್ ಆಫ್ ಅಟಾರ್ನಿ ಪಡೆದವನೂ ಡೋನಿಯೇ. ಅವನು ಪಡೆದಿರುವುದು ಇನ್ನೊಬ್ಬರ ಪರವಾಗಿ ನಡೆದುಕೊಳ್ಳುವ ಅಧಿಕಾರವನ್ನು, ಸ್ವತ್ತನ್ನಲ್ಲ. ಜನರಲ್ ಪವರ್ ಆಫ್ ಅಟಾರ್ನಿ (ಜಿ.ಪಿ.ಎ.) ಕೈಗೆ ಬಂದೊಡನೆ ನಿವೇಶನವೇ ತನ್ನದಾಯಿತೆಂದು ನಂಬಿದವರು ಬೆಂಗಳೂರಿನ ಸುತ್ತಮುತ್ತ ಎಷ್ಟು ಮಂದಿ ಎಂಬುದನ್ನು ಇಲ್ಲಿರುವ ವಕೀಲರಿಗೆ ನಾನು ಹೇಳಬೇಕಾಗಿಲ್ಲ.

ಈಗ ಮೂಲ ನಿಯಮಕ್ಕೆ ಬರೋಣ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 122ನೇ ಕಲಮು ದಾನ ಎಂದರೇನೆಂದು ಹೇಳುತ್ತದೆ. ಇರುವ ಸ್ವತ್ತು, ಚರವೋ ಸ್ಥಿರವೋ. ಸ್ವ-ಇಚ್ಛೆಯಿಂದ, ಪ್ರತಿಫಲವಿಲ್ಲದೆ ಒಬ್ಬರು ಕೊಟ್ಟು ಇನ್ನೊಬ್ಬರು, ಅಥವಾ ಅವರ ಪರವಾಗಿ ಮತ್ತೊಬ್ಬರು, ಒಪ್ಪಿಕೊಂಡದ್ದು. ಒಪ್ಪಿಗೆ ಎನ್ನುವುದು ದಾನ ಆದಮೇಲೆ ನಡೆಯುವ ಶಿಷ್ಟಾಚಾರವಲ್ಲ, ದಾನದ ವ್ಯಾಖ್ಯೆಯೊಳಗೇ ಸೇರಿದ ಮಾತು. ಮುಂದಿನ ಸಾಲು ಇನ್ನೂ ಕಟ್ಟುನಿಟ್ಟು. ಕೊಡುವವನು ಬದುಕಿರುವಾಗಲೇ, ಕೊಡುವ ಸ್ಥಿತಿಯಲ್ಲಿ ಇರುವಾಗಲೇ, ಒಪ್ಪಿಗೆ ಆಗಬೇಕು. ಒಪ್ಪುವ ಮೊದಲೇ ಪಡೆಯುವವನು ತೀರಿಕೊಂಡರೆ ದಾನ ಬಿದ್ದುಹೋಯಿತು. ಅವನ ಮಕ್ಕಳು ಬಂದು ನಮ್ಮಪ್ಪನ ಪರವಾಗಿ ನಾವು ಒಪ್ಪುತ್ತೇವೆ ಎಂದರೆ ಬರುವುದಿಲ್ಲ. ಇಬ್ಬರಿಗೆ ಕೊಟ್ಟು ಒಬ್ಬನು ಒಪ್ಪದಿದ್ದರೆ, ಅವನ ಪಾಲಿನಷ್ಟು ದಾನ ಅಸಿಂಧು ಎನ್ನುತ್ತದೆ 125ನೇ ಕಲಮು.

ಈ ನಿಯಮವನ್ನು ಓದಿದಾಗಲೆಲ್ಲ ನನಗೆ ಕಠೋಪನಿಷತ್ತು ನೆನಪಾಗುತ್ತದೆ. ತಂದೆ ಮುದಿ ಹಸುಗಳನ್ನು ದಾನ ಮಾಡುತ್ತಿರುವುದನ್ನು ಕಂಡು ನಚಿಕೇತ ನನ್ನನ್ನು ಯಾರಿಗೆ ಕೊಡುತ್ತೀ ಎಂದು ಬೆನ್ನುಹತ್ತಿ ಕೇಳಿದ. ರೇಗಿದ ತಂದೆ ಯಮನಿಗೆ ಕೊಟ್ಟೆ ಎಂದ. ಹುಡುಗ ಹೋದರೆ ಯಮ ಮನೆಯಲ್ಲಿಲ್ಲ, ಮೂರು ರಾತ್ರಿ ಬಾಗಿಲಲ್ಲಿ ಕಾದ. ಬಂದ ಯಮ ಹುಡುಗನನ್ನು ಇಟ್ಟುಕೊಳ್ಳಲಿಲ್ಲ, ಮೂರು ವರಗಳನ್ನು ಕೊಟ್ಟ. ವೇದಾಂತಿಗಳು ಆ ಕಥೆಯಲ್ಲಿ ಆತ್ಮವಿದ್ಯೆಯನ್ನು ಕಾಣುತ್ತಾರೆ. ಸಿವಿಲ್ ವಕೀಲನ ಕಣ್ಣಿಗೆ ಕಾಣುವುದು ಒಪ್ಪಿಗೆಯಾಗದೆ ನಿಂತ ಒಂದು ದಾನ!

ಒಪ್ಪಿಗೆ ಹೇಗಿರಬೇಕು? ಇದನ್ನು ನಮ್ಮ ನೆಲದಲ್ಲಿ ಬಹಳ ಹಿಂದೆಯೇ ಕೂಲಂಕಷವಾಗಿ ಯೋಚಿಸಿದವನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. ಉತ್ತರಾಧಿಕಾರದ ಭಾಗಕ್ಕಾಗಿ ಆ ಗ್ರಂಥ ಎಲ್ಲರಿಗೂ ಗೊತ್ತು. ದಾನದ ಬಗ್ಗೆ ಅದರಲ್ಲಿರುವ ಮಾತನ್ನು ಕನ್ನಡದಲ್ಲಿ ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ. ಹಕ್ಕುಪತ್ರವಿದ್ದೂ ಸ್ವಲ್ಪವೂ ಅನುಭೋಗವಿಲ್ಲದಿದ್ದರೆ ಆ ಹಕ್ಕಿಗೆ ಬಲವಿಲ್ಲ ಎಂಬ ಯಾಜ್ಞವಲ್ಕ್ಯನ ಮಾತನ್ನು ವಿವರಿಸುತ್ತಾ ಅವನು ಸ್ವೀಕಾರದಲ್ಲಿ ಮೂರು ಬಗೆ ಹೇಳುತ್ತಾನೆ. ಮನಸ್ಸಿನ ಸ್ವೀಕಾರ, ಅಂದರೆ ಇದು ನನ್ನದೆಂಬ ಸಂಕಲ್ಪ. ಮಾತಿನ ಸ್ವೀಕಾರ, ಅಂದರೆ ಅದನ್ನು ಬಾಯಿಬಿಟ್ಟು ಹೇಳುವುದು. ಮೈಯ ಸ್ವೀಕಾರ, ಅಂದರೆ ಹಿಡಿಯುವುದು, ಮುಟ್ಟುವುದು. ಚಿನ್ನವನ್ನು, ಬಟ್ಟೆಯನ್ನು ಕೈಯಲ್ಲಿ ತೆಗೆದುಕೊಳ್ಳಬಹುದು. ಹೊಲವನ್ನು ಹೇಗೆ ತೆಗೆದುಕೊಳ್ಳುವುದು? ಫಲವನ್ನು ಅನುಭವಿಸದೆ ಭೂಮಿಗೆ ಮೈಯ ಸ್ವೀಕಾರ ಸಾಧ್ಯವಿಲ್ಲ. ಆದ್ದರಿಂದ ಸ್ವಲ್ಪವಾದರೂ ಅನುಭೋಗ ಇರಲೇಬೇಕು, ಇಲ್ಲದಿದ್ದರೆ ದಾನವಾಗಲಿ ಮಾರಾಟವಾಗಲಿ ಪೂರ್ತಿಯಾಗದು ಎಂಬುದು ಅವನ ನಿಲುವು. ಬ್ರಿಟಿಷರ ಕಾಲದ ಕೋರ್ಟುಗಳು ಹಿಂದೂ ದಾನಕ್ಕೆ ಸ್ವಾಧೀನ ಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡಾಗ ಮತ್ತೆ ಮತ್ತೆ ಬಂದು ನಿಂತದ್ದು ಕಲ್ಯಾಣದ ಈ ವಾಕ್ಯಗಳ ಮುಂದೆ.

ನಮ್ಮ ಶಾಸನಗಳಲ್ಲೂ ಪಡೆಯುವವನಿಗೆ ಜಾಗವಿತ್ತು. ಹಲ್ಮಿಡಿಯ ಶಾಸನ ಕನ್ನಡಿಗರೆಲ್ಲರಿಗೂ ಭಾಷೆಯ ಕಾರಣಕ್ಕೆ ಗೊತ್ತು. ಅದರ ವಿಷಯವೋ, ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಾರಸನಿಗೆ ಪಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ವೀರದಾನವಾಗಿ, ಕೊಟ್ಟದ್ದು. ಅದನ್ನು ಅಳಿಸಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಆಚಾರ್ಯರ 'ಕಾಲಂ ಕರ್ಚಿ ಧಾರಾಪೂರ್ವಕಂ' ಕೊಟ್ಟರೆಂಬ ಮಾತು ಪದೇ ಪದೇ ಬರುತ್ತದೆ. ರಾಜನೋ ದಂಡನಾಯಕನೋ ಪಡೆಯುವವನ ಪಾದ ತೊಳೆಯಬೇಕು, ಪಡೆಯುವವನು ಕೈಯೊಡ್ಡಬೇಕು, ಆ ಅಂಗೈಗೆ ನೀರು ಬೀಳಬೇಕು. ವಿಜ್ಞಾನೇಶ್ವರ ಹೇಳುವ ಮೈಯ ಸ್ವೀಕಾರವನ್ನು ಸಾಕ್ಷಿಗಳೆದುರು ಮಾಡಿ ತೋರಿಸುವ ವಿಧಾನವಿದು. ಕೈಯನ್ನು ಹಿಂದಕ್ಕೆಳೆದುಕೊಂಡರೆ ಎಂಥ ಚಕ್ರವರ್ತಿಯ ದಾನವಾದರೂ ನೆಲಕ್ಕೆ ಚೆಲ್ಲಿದ ನೀರಷ್ಟೇ. ಕಣ್ಣುಮುಚ್ಚಿ ದಾನ ಹಿಡಿಯಬಾರದೆಂಬ ಭಯವೂ ಧರ್ಮಶಾಸ್ತ್ರದಲ್ಲಿತ್ತು. ಪ್ರತಿಗ್ರಹದಲ್ಲಿ ದೋಷವಿದೆ, ತೆಗೆದುಕೊಂಡವನಿಗೆ ಕೊಟ್ಟವನ ಪಾಪ ಅಂಟುತ್ತದೆ ಎಂದು ನಂಬಿದವರು ಬೇಡವೆನ್ನುವ ಹಕ್ಕನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

1882ರ ಕಾಯ್ದೆ ಇಲ್ಲಿ ಬೇರೆ ದಾರಿ ಹಿಡಿಯಿತು. 123ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಬೇಕು, ಕೊಡುವವನ ಸಹಿ ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಸ್ವಾಧೀನ ಬಿಟ್ಟುಕೊಡಲೇಬೇಕೆಂಬ ಮಾತು ಅದರಲ್ಲಿಲ್ಲ. ಪಡೆಯುವವನ ಸಹಿಯೂ ಬೇಕಾಗಿಲ್ಲ! ಒಪ್ಪಿಗೆ ಇಲ್ಲದೆ ದಾನವಿಲ್ಲ ಎಂದು ಹಿಂದಿನ ಕಲಮಿನಲ್ಲಿ ಹೇಳಿದ ಕಾಯ್ದೆ, ಆ ಒಪ್ಪಿಗೆ ಯಾವ ರೂಪದಲ್ಲಿ ಇರಬೇಕೆಂದು ಎಲ್ಲಿಯೂ ಹೇಳದೆ ಸುಮ್ಮನಾಯಿತು. ಕಳೆದ ನೂರಕ್ಕೂ ಹೆಚ್ಚು ವರ್ಷಗಳ ವ್ಯಾಜ್ಯಗಳಲ್ಲಿ ದೊಡ್ಡ ಪಾಲು ಹುಟ್ಟಿದ್ದು ಈ ಮೌನದಿಂದ.

ಮುಸ್ಲಿಂ ಕಾನೂನಿನ ಹಿಬಾಕ್ಕೆ, ಅಂದರೆ ದಾನಕ್ಕೆ, 129ನೇ ಕಲಮು ಕಾಯ್ದೆಯ ಈ ಅಧ್ಯಾಯದಿಂದ ವಿನಾಯಿತಿ ಕೊಟ್ಟಿದೆ. ಹಿಬಾಕ್ಕೆ ಮೂರು ಅಂಗ: ಕೊಟ್ಟೆನೆಂಬ ಘೋಷಣೆ, ಒಪ್ಪಿದೆನೆಂಬ ಸ್ವೀಕಾರ, ಸ್ವಾಧೀನ. ಮೂರೂ ಇದ್ದರೆ ಬಾಯಿಮಾತಿನಲ್ಲೇ ಮನೆ ಕೊಡಬಹುದು. ಅದನ್ನು ಆಮೇಲೆ ಕಾಗದಕ್ಕೆ ಇಳಿಸಿದರೂ ನೋಂದಣಿ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಹಿಂದೂಗಳಿಗೆ ಸ್ವಾಧೀನದ ಕಟ್ಟು ಬಿಟ್ಟುಹೋಯಿತು, ಹಿಬಾದಲ್ಲಿ ಉಳಿಯಿತು. ವಿಜ್ಞಾನೇಶ್ವರನ ನಿಲುವಿಗೆ ಇವತ್ತು ಹೆಚ್ಚು ಹತ್ತಿರವಿರುವುದು ಹಿಬಾ ಎಂದು ನಾನು ಹೇಳಿದರೆ ಎರಡೂ ಕಡೆಯ ಪಂಡಿತರು ಹುಬ್ಬೇರಿಸಬಹುದು. ಆದರೆ ಈ ಒಂದು ವಿಷಯದ ಮಟ್ಟಿಗೆ ಸಂಗತಿ ಹಾಗಿದೆ.

ಒಪ್ಪಿಗೆಯ ರೂಪದ ಬಗ್ಗೆ ಕೋರ್ಟುಗಳು ಏನು ಹೇಳಿವೆ ನೋಡಿ. ದಾನಪತ್ರ ಬರೆದು ಕೈಗೆ ಕೊಟ್ಟಾಗಿದೆ, ಪಡೆದವನು ಒಪ್ಪಿದ್ದಾನೆ, ನೋಂದಣಿ ಬಾಕಿ. ಅಷ್ಟರಲ್ಲಿ ದಾನಿ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡ. ದತ್ತು ಬಂದ ಮಗ ದಾನವನ್ನು ಮುರಿಯಬಲ್ಲನೇ? ಮದರಾಸು ಪ್ರಾಂತದಿಂದ ಹೋದ ಇಂಥ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1920ರ ದಶಕದಲ್ಲಿ ಇಲ್ಲ ಎಂದಿತು. ಪತ್ರ ಕೈಸೇರಿ ಒಪ್ಪಿಗೆಯಾದ ಮೇಲೆ ದಾನಿ ಹಿಂದೆಗೆಯುವಂತಿಲ್ಲ. ನೋಂದಣಿ ಮಾಡಿಸುವುದು ಕಾನೂನಿನ ಕೆಲಸ, ಅದು ಅವನ ಮರ್ಜಿಯಲ್ಲ. ಬಾಗಿಲು ಮುಚ್ಚಿದ್ದು ರಿಜಿಸ್ಟ್ರಾರರ ಮೊಹರಲ್ಲ, ಪಡೆದವನ ಒಪ್ಪಿಗೆ.

2003ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಕೇರಳದ ಪ್ರಕರಣವೊಂದರಲ್ಲಿ ಪಡೆದವನು ಅಪ್ರಾಪ್ತ ವಯಸ್ಸಿನ ಮಗ, ಕೊಟ್ಟವಳು ತಾಯಿ. ತನ್ನ ಜೀವಮಾನವಿಡೀ ಆದಾಯ ತನಗೇ ಇರಲೆಂದು ಬರೆದುಕೊಂಡಿದ್ದಳು. ದಶಕಗಳ ನಂತರ ಮನಸ್ಸು ಬದಲಾಯಿಸಿ ರದ್ದು ಮಾಡಹೊರಟಳು. ಮಗು ತನಗೆ ಹಿತವಾದದ್ದನ್ನು ಒಪ್ಪಿಕೊಂಡಿದೆ ಎಂದು ಊಹಿಸಬಹುದು, ಅದಕ್ಕೆ ಪ್ರತ್ಯೇಕ ಕಾಗದ ಬೇಡ, ರದ್ದು ಸಲ್ಲದು ಎಂದಿತು ಕೋರ್ಟು. ಹತ್ತು ವರ್ಷ ಕಳೆದು, 2014ರಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೊಂದನ್ನು ಖಚಿತಪಡಿಸಿತು: ಬದುಕಿರುವ ತನಕ ಮನೆಯಲ್ಲಿ ವಾಸ, ಬಾಡಿಗೆ ತನಗೇ ಎಂದು ದಾನಿ ಉಳಿಸಿಕೊಂಡರೂ ದಾನ ದಾನವೇ. ಮೂಲಪತ್ರವನ್ನು ಇಟ್ಟುಕೊಂಡದ್ದು, ಖಾತೆ ಬದಲಾಯಿಸಿದ್ದು, ಕಂದಾಯ ಕಟ್ಟಿದ್ದು, ಆಕ್ಷೇಪಿಸದೆ ಸುಮ್ಮನಿದ್ದದ್ದು, ಇವೆಲ್ಲವನ್ನೂ ಒಪ್ಪಿಗೆಯ ಗುರುತುಗಳೆಂದು ಕೋರ್ಟುಗಳು ನೋಡಿವೆ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಅದು ಬೇರೆ ವಿಷಯ. ಒಪ್ಪಿಗೆಗೆ ಮಾತ್ರ ಅದು ಒಳ್ಳೆಯ ಸಾಕ್ಷಿ.

ನನ್ನ ಅಭಿಪ್ರಾಯದಲ್ಲಿ ಈ ಸಡಿಲ ಅಗತ್ಯವಾಗಿತ್ತು, ಆದರೆ ಅದಕ್ಕೆ ಬೆಲೆ ತೆತ್ತಿದ್ದೇವೆ. ಸುಮ್ಮನಿದ್ದವನೂ ಒಪ್ಪಿದವನೇ ಎಂದಾದಾಗ, ಒಪ್ಪುವವನು ತಾನು ಏನನ್ನು ಒಪ್ಪುತ್ತಿದ್ದೇನೆ ಎಂದು ಓದಿ ನೋಡಬೇಕೆಂಬ ಅಭ್ಯಾಸವೇ ಹೋಯಿತು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂದು ಗಾದೆ. ಕಾಯ್ದೆ ಮಾತ್ರ ಎಣಿಸು ಎನ್ನುತ್ತದೆ. 127ನೇ ಕಲಮನ್ನು ತೆಗೆದು ನೋಡಿ. ಒಂದೇ ದಾನದಲ್ಲಿ ಲಾಭದ ಸ್ವತ್ತೂ ಹೊರೆಯ ಸ್ವತ್ತೂ ಸೇರಿದ್ದರೆ ಪೂರ್ತಿ ತೆಗೆದುಕೊಳ್ಳಬೇಕು, ಇಲ್ಲವೇ ಪೂರ್ತಿ ಬಿಡಬೇಕು. ಕಾಯ್ದೆಯೇ ಕೊಡುವ ಉದಾಹರಣೆ ಷೇರುಗಳದು. ಒಂದು ಕಂಪನಿ ಚೆನ್ನಾಗಿ ನಡೆಯುತ್ತಿದೆ, ಇನ್ನೊಂದು ಕಷ್ಟದಲ್ಲಿದೆ, ಅದರ ಷೇರುದಾರರು ಮತ್ತೆ ದೊಡ್ಡ ಮೊತ್ತ ಕಟ್ಟಬೇಕಾಗಿ ಬರಬಹುದು. ಎರಡರ ಷೇರುಗಳನ್ನೂ ಒಟ್ಟಿಗೆ ಕೊಟ್ಟಾಗ ಎರಡನೆಯದು ಬೇಡವೆಂದವನಿಗೆ ಮೊದಲನೆಯದೂ ಇಲ್ಲ. ಬೇರೆ ಬೇರೆ ದಾನವಾಗಿ ಕೊಟ್ಟಿದ್ದರೆ ಮಾತ್ರ ಬೇಕಾದದ್ದನ್ನು ಇಟ್ಟುಕೊಂಡು ಬೇಡವಾದದ್ದನ್ನು ಬಿಡಬಹುದು.

ಅದೇ ಕಲಮಿನಲ್ಲಿ ಮಕ್ಕಳ ಪರವಾದ ಒಂದು ನಾಜೂಕಾದ ಏರ್ಪಾಡಿದೆ. ಅಪ್ರಾಪ್ತನು ಹೊರೆಯಿರುವ ಸ್ವತ್ತನ್ನು ಒಪ್ಪಿದರೆ ಆ ಒಪ್ಪಿಗೆ ಅವನನ್ನು ಕಟ್ಟಿಹಾಕುವುದಿಲ್ಲ. ಆದರೆ ಪ್ರಾಪ್ತನಾಗಿ, ಹೊರೆಯ ವಿಷಯ ತಿಳಿದೂ ಸ್ವತ್ತನ್ನು ಇಟ್ಟುಕೊಂಡರೆ ಆಗ ಬದ್ಧನಾಗುತ್ತಾನೆ. ಮೊಮ್ಮಗನ ಹೆಸರಿಗೆ ಬ್ಯಾಂಕಿನ ಸಾಲವಿರುವ ಮನೆ ಬರೆಯುವ ಅಜ್ಜಂದಿರು ಇದನ್ನು ತಿಳಿದಿರುವುದು ಒಳ್ಳೆಯದು, ಮೊಮ್ಮಕ್ಕಳಂತೂ ತಿಳಿದಿರಲೇಬೇಕು. 128ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದಾನಿಯ ಸಮಸ್ತ ಸ್ವತ್ತನ್ನೂ ಪಡೆದವನು, ದಾನದ ವೇಳೆಗೆ ದಾನಿಗಿದ್ದ ಎಲ್ಲ ಸಾಲಗಳಿಗೂ ಬಂದ ಸ್ವತ್ತಿನ ಮಿತಿಯಲ್ಲಿ ತಾನೇ ಹೊಣೆ. ಆಸ್ತಿಯೆಲ್ಲ ಮಗನ ಹೆಸರಿಗೆ ಬರೆದು ಸಾಲಗಾರರಿಗೆ ಕೈ ಝಾಡಿಸಿ ತೋರಿಸುವ ಹಂಚಿಕೆಗೆ ಇಲ್ಲಿ ಒಂದು ತಡೆ ಇದೆ. 53ನೇ ಕಲಮಿನಲ್ಲಿ ಇನ್ನೊಂದು.

ತೆರಿಗೆಯೂ ಕಾಲಕ್ರಮದಲ್ಲಿ ಪಡೆಯುವವನ ಕಡೆಗೇ ತಿರುಗಿದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಕೊಟ್ಟ ಸಲಹೆಯ ಮೇರೆಗೆ ಬಂದ 1958ರ ದಾನ ತೆರಿಗೆ ಕಾಯ್ದೆ ತೆರಿಗೆ ಕೇಳುತ್ತಿದ್ದದ್ದು ಕೊಟ್ಟವನಿಂದ. 1998ರ ಅಕ್ಟೋಬರ್ 1ರಿಂದ ಅದು ನಿಂತಿತು. ಆರು ವರ್ಷ ಇಬ್ಬರೂ ಹಾಯಾಗಿದ್ದರು. 2004ರ ಸೆಪ್ಟೆಂಬರ್ 1ರಿಂದ ಆದಾಯ ತೆರಿಗೆ ಕಾಯ್ದೆಯ 56ನೇ ಕಲಮಿನ ಮೂಲಕ, ಪಡೆದ ಹಣ ಪಡೆದವನ ಆದಾಯವೆಂದಾಯಿತು. ಮೊದಲು 25,000 ರೂಪಾಯಿ, ಆಮೇಲೆ 50,000 ರೂಪಾಯಿಯ ಮಿತಿ. ಮಿತಿ ದಾಟಿದರೆ ದಾಟಿದಷ್ಟಕ್ಕಲ್ಲ, ಪೂರ್ತಿ ಮೊತ್ತಕ್ಕೆ. ಮದುವೆಯ ಮುಯ್ಯಿಗೆ ಮತ್ತು ಸಂಬಂಧಿಕರಿಂದ ಬಂದದ್ದಕ್ಕೆ ವಿನಾಯಿತಿ. ಸಂಬಂಧಿಕರು ಯಾರೆಂಬುದನ್ನು ಅಳೆಯುವುದೂ ಪಡೆಯುವವನ ಕಡೆಯಿಂದಲೇ. ತಾಯಿತಂದೆಯರ ಒಡಹುಟ್ಟಿದವರು ಪಟ್ಟಿಯಲ್ಲಿದ್ದಾರೆ, ಒಡಹುಟ್ಟಿದವರ ಮಕ್ಕಳು ಇಲ್ಲ. ಹಾಗಾಗಿ ಸೋದರಮಾವ ಅಳಿಯನಿಗೆ ಲಕ್ಷ ರೂಪಾಯಿ ಕೊಟ್ಟರೆ ತೆರಿಗೆಯಿಲ್ಲ. ದುಡಿಯಲು ಹತ್ತಿದ ಅದೇ ಅಳಿಯ ಮುಪ್ಪಿನ ಮಾವನಿಗೆ ಲಕ್ಷ ಕೊಟ್ಟರೆ ಮಾವನ ಕೈಯಲ್ಲಿ ಅದು ತೆರಿಗೆಗೆ ಒಳಪಟ್ಟ ಆದಾಯ! ಅಕ್ಕನ ಮನೆಯ ಮಕ್ಕಳನ್ನು ಸಾಕಿ ಓದಿಸಿದ ಮಾವಂದಿರು ತುಂಬಿರುವ ಸಮಾಜದಲ್ಲಿ ಇಂಥ ನಿಯಮ ಬರೆದವರ ಮನೆಯಲ್ಲಿ ಮಾವಂದಿರು ಇರಲಿಲ್ಲವೇನೋ.

ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ಹೊಲ ಕೊಡುವ ರೂಢಿಯ ಬಗ್ಗೆ ಒಂದು ಮಾತು. ಪಿತ್ರಾರ್ಜಿತ ಸ್ಥಿರಾಸ್ತಿಯನ್ನು ಹಿಂದೂ ತಂದೆ ಮನಸ್ಸಿಗೆ ಬಂದಂತೆ ದಾನ ಮಾಡುವಂತಿಲ್ಲ. ಆದರೂ ಮಗಳಿಗೆ ನ್ಯಾಯವಾದ ಪ್ರಮಾಣದಲ್ಲಿ ಕೊಡಬಹುದೆಂದು ಸುಪ್ರೀಂ ಕೋರ್ಟು 1963ರಲ್ಲಿ, ನಮ್ಮ ಕಡೆಯ ದೇಶಮುಖ ಮನೆತನವೊಂದರ ವ್ಯಾಜ್ಯದಲ್ಲಿ, ಎತ್ತಿಹಿಡಿಯಿತು. ತೊಂದರೆ ಏನೆಂದರೆ ಬಹಳಷ್ಟು ಕಡೆ ಇಂಥ ದಾನ ಬಾಯಿಮಾತಿನದು. ಮಗಳು ವರ್ಷವರ್ಷ ಗುತ್ತಿಗೆಯ ಜೋಳವನ್ನೋ ರಾಗಿಯನ್ನೋ ಪಡೆಯುತ್ತಿರುತ್ತಾಳೆ. ವಿಜ್ಞಾನೇಶ್ವರನ ಲೆಕ್ಕದಲ್ಲಿ ಅವಳದು ಪರಿಪೂರ್ಣ ಸ್ವೀಕಾರ, 123ನೇ ಕಲಮಿನ ಲೆಕ್ಕದಲ್ಲಿ ಏನೂ ಅಲ್ಲ. ಅಣ್ಣತಮ್ಮಂದಿರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಈಚಿನ ಇಪ್ಪತ್ತು ವರ್ಷಗಳಲ್ಲಿ ಅತಿ ಹೆಚ್ಚು ಮನೆಗಳನ್ನು ಮುಟ್ಟಿದ ವಿಷಯ. ತಂದೆತಾಯಿ ಮನೆಯನ್ನು ಮಗನಿಗೋ ಮಗಳಿಗೋ ದಾನಪತ್ರ ಮಾಡಿಕೊಡುತ್ತಾರೆ. ಪತ್ರದ ಭಾಷೆ ನಮಗೆಲ್ಲ ಬಾಯಿಪಾಠ: ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ ಈ ಸ್ವತ್ತನ್ನು ದಾನವಾಗಿ ಕೊಟ್ಟಿರುತ್ತೇನೆ, ಇಂದಿನಿಂದ ನೀವು ಪುತ್ರಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು, ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಉಳಿದಿರುವುದಿಲ್ಲ. ಷೆಡ್ಯೂಲು, ಚೆಕ್ಕುಬಂದಿ, ಸಾಕ್ಷಿಗಳ ರುಜು. ವರ್ಷ ಕಳೆಯುವುದರೊಳಗೆ ಅಮ್ಮನ ಮಂಚ ಹೊರಗಿನ ಕೋಣೆಗೆ ಬಂದಿರುತ್ತದೆ.

ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಇದಕ್ಕೆ ಮದ್ದು ಕಡಿಮೆ. 126ನೇ ಕಲಮಿನ ಪ್ರಕಾರ, ಇಂಥ ಘಟನೆ ನಡೆದರೆ ದಾನ ರದ್ದೆಂದು ಇಬ್ಬರೂ ಮೊದಲೇ ಒಪ್ಪಿರಬೇಕು, ಆ ಘಟನೆ ದಾನಿಯ ಇಚ್ಛೆಯ ಮೇಲೆ ನಿಂತಿರಬಾರದು. ಮನಸ್ಸು ಬಂದಾಗ ವಾಪಸು ಪಡೆಯುತ್ತೇನೆ ಎಂದು ಬರೆದರೆ ಅಷ್ಟರಮಟ್ಟಿಗೆ ದಾನವೇ ಅಸಿಂಧು. ಈ ಕೊರತೆಯನ್ನು ತುಂಬಲು ಬಂದದ್ದು ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮು. ಮೂಲಭೂತ ಸೌಕರ್ಯ, ದೈಹಿಕ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಸ್ವತ್ತು ಕೊಟ್ಟು, ಪಡೆದವನು ಅದನ್ನು ನಡೆಸದಿದ್ದರೆ, ಆ ವರ್ಗಾವಣೆ ಮೋಸದಿಂದಲೋ ಒತ್ತಾಯದಿಂದಲೋ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ಅದನ್ನು ಅಸಿಂಧುಗೊಳಿಸಬಹುದು. ಕರ್ನಾಟಕದಲ್ಲಿ ಈ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯವರದು, ಮೇಲ್ಮನವಿ ಜಿಲ್ಲಾಧಿಕಾರಿಗೆ.

ಷರತ್ತು ಪತ್ರದಲ್ಲೇ ಇರಬೇಕೇ? 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಬಿಗಿಯಾಗಿ ಹೇಳಿತು: ಷರತ್ತು ಇತ್ತೆಂಬುದನ್ನು ಹೇಳಿ ರುಜುವಾತುಪಡಿಸಬೇಕು, ಪ್ರೀತಿ ವಿಶ್ವಾಸದಿಂದ ಕೊಡುವವರು ಸಾಮಾನ್ಯವಾಗಿ ಪ್ರತಿಯಾಗಿ ಏನನ್ನೂ ನಿರೀಕ್ಷಿಸಿರುವುದಿಲ್ಲ. 2025ರ ಜನವರಿ 2ರಂದು ಅದೇ ಕೋರ್ಟಿನ ಇನ್ನೊಂದು ಪೀಠ, ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಹಿರಿಯರ ರಕ್ಷಣೆಗೆಂದು ಬಂದ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಹೇಳಿ ದಾನಪತ್ರವನ್ನು ರದ್ದುಗೊಳಿಸಿದ ಆದೇಶವನ್ನು ಊರ್ಜಿತಗೊಳಿಸಿತು. ಎರಡು ತೀರ್ಪುಗಳು ಎದುರುಬದುರಾಗಿವೆ ಎಂದು ಗದ್ದಲವೆದ್ದಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡನೆಯ ಪ್ರಕರಣದಲ್ಲಿ ದಾನಪತ್ರದಲ್ಲೂ ಪಾಲನೆಯ ಮಾತಿತ್ತು, ಅದರ ಜೊತೆಗೆ ಮಗನೇ ಬರೆದುಕೊಟ್ಟ ವಚನಪತ್ರವೂ ಇತ್ತು ಎಂಬುದು ತಾಯಿಯ ವಾದ. ಬಡಿದಾಟ ನಡೆದದ್ದು ಪಡೆದವನು ಏನೆಂದು ಒಪ್ಪಿದ್ದ ಎಂಬುದರ ಸುತ್ತಲೇ.

ದಾನಿ ಷರತ್ತು ಬರೆಸಬೇಕಿತ್ತು ಎಂದು ಎಪ್ಪತ್ತೈದರ ಮುದುಕಿಗೆ ಬುದ್ಧಿ ಹೇಳುವುದು ನನಗೆ ಸರಿಕಾಣುವುದಿಲ್ಲ. ಅವರು ನಂಬಿದ್ದು ಪತ್ರ ಬರಹಗಾರರ ಹಳೆಯ ನಮೂನೆಯನ್ನು, ಅದಕ್ಕಿಂತ ಹೆಚ್ಚಾಗಿ ಮಗನನ್ನು. ಹಾಗೆಂದು ಷರತ್ತೇ ಇಲ್ಲದ ಪತ್ರಗಳನ್ನೂ ಹತ್ತು ವರ್ಷದ ನಂತರ ಒಡೆಯಬಹುದೆಂದಾದರೆ, ನಿಯತ್ತಾಗಿ ನೋಡಿಕೊಂಡ ಮಗಳಿಗೂ ನೆಲೆ ಇರುವುದಿಲ್ಲ. ಮನೆಯಲ್ಲಿ ಯಾರ ಮಾತು ಕೊನೆಗೆ ಬಿತ್ತೋ ಅವರ ಪರ ಆಸ್ತಿ ಎಂದಾಗುತ್ತದೆ. 2020ರ ಡಿಸೆಂಬರಿನ ತೀರ್ಪೊಂದು ಈ ಅಪಾಯದ ಇನ್ನೊಂದು ಮುಖ ತೋರಿಸಿತು. ಬೆಂಗಳೂರಿನ ಮನೆಯೊಂದು ಮಗನಿಂದ ತಂದೆಗೆ ಕ್ರಯವಾಗಿ, ತಂದೆಯಿಂದ ತಾಯಿಗೆ ದಾನವಾಗಿ ಹೋಗಿತ್ತು. ಆ ಬಲದ ಮೇಲೆ ಹಿರಿಯರ ಕಾಯ್ದೆಯಡಿ ಸೊಸೆಯನ್ನು ಹೊರಹಾಕುವ ಆದೇಶ ಬಂದಿತ್ತು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅವಳಿಗಿರಬಹುದಾದ ವಾಸದ ಹಕ್ಕನ್ನು ನೋಡದೆ ಹಾಗೆ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು.

ಆದ್ದರಿಂದ ನನ್ನ ಸಲಹೆ ನೇರವಾಗಿ ಪಡೆಯುವವರಿಗೆ, ಅವರ ಪರ ಪತ್ರ ಬರೆಯುವವರಿಗೆ. 123ನೇ ಕಲಮು ನಿಮ್ಮ ಸಹಿ ಕೇಳುವುದಿಲ್ಲ, ಆದರೂ ಹಾಕಿ. 'ಒಪ್ಪಿಕೊಂಡಿರುತ್ತೇನೆ' ಎಂಬ ಒಂದು ಪದದ ಸಾಲಿಗೆ ಬದಲಾಗಿ, ಕೊಟ್ಟವರು ಬದುಕಿರುವ ತನಕ ಅವರಿಗೆ ಯಾವ ಕೋಣೆ, ಊಟ ಔಷಧಿಯ ಹೊಣೆ ಯಾರದು, ಬಾಡಿಗೆ ಬಂದರೆ ಯಾರಿಗೆ, ಬ್ಯಾಂಕಿನ ಸಾಲ ಉಳಿದಿದ್ದರೆ ಕಂತು ಕಟ್ಟುವವರು ಯಾರು ಎಂದು ನಿಮ್ಮ ಕಡೆಯ ಮಾತಾಗಿ ಬರೆಯಿಸಿ. ಕೊಡುವವರಿಗೆ ಇದರಿಂದ ಕಾವಲು ಸಿಗುತ್ತದೆ, ಅದು ಸ್ಪಷ್ಟ. ಪಡೆಯುವವರಿಗೂ ಸಿಗುತ್ತದೆ: ಬರೆದಷ್ಟನ್ನು ನಡೆಸಿದ ಮಗಳನ್ನು, ಬರೆಯದ ಯಾವುದೋ ನಿರೀಕ್ಷೆ ಮುಂದಿಟ್ಟು ಅಣ್ಣತಮ್ಮಂದಿರು ಉಪವಿಭಾಗಾಧಿಕಾರಿಯ ಕಚೇರಿಗೆ ಎಳೆಯುವುದು ಕಷ್ಟವಾಗುತ್ತದೆ. ಹೊರೆ ಬೇಡವೆಂದು ತೋರಿದರೆ ದಾನವನ್ನೇ ನಿರಾಕರಿಸಬಹುದು. ದೊಡ್ಡವರು ಕೊಟ್ಟಾಗ ಬೇಡವೆನ್ನಬಾರದು ಎಂಬುದು ಮನೆಯ ಮರ್ಯಾದೆ, ಕಾನೂನಿನದ್ದಲ್ಲ.

ಸಂಘ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಸಂಸ್ಥೆಯೊಂದು ದತ್ತಿ ಹಣ ಪಡೆಯುವಾಗ ಠರಾವು ಮಾಡುತ್ತದಲ್ಲ, ಅದೇ ಅದರ ಸ್ವೀಕಾರ. ವರ್ಷಕ್ಕೊಂದು ಉಪನ್ಯಾಸ, ಒಂದು ಚಿನ್ನದ ಪದಕ, ಊಟದ ವ್ಯವಸ್ಥೆ ಎಂದೆಲ್ಲ ಒಪ್ಪಿಕೊಂಡು, ಮೂವತ್ತು ವರ್ಷದ ನಂತರ ಬಡ್ಡಿಯಲ್ಲಿ ಪದಕದ ಡಬ್ಬಿಯೂ ಬರದಿದ್ದಾಗ ಕೈಚೆಲ್ಲುವ ಸಂಸ್ಥೆಗಳು ಉಂಟು. ಹಣ ಸಾಲದಾದಾಗ ಕಾರ್ಯಕ್ರಮವನ್ನು ಹೇಗೆ ಮಾರ್ಪಡಿಸಬಹುದೆಂಬ ಒಂದು ಸಾಲನ್ನು ದಾನಿಯ ಸಮ್ಮತಿಯೊಂದಿಗೆ ಮೊದಲೇ ಸೇರಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ.

ಕಡೆಯದಾಗಿ, ದಾನ ಪಡೆದವನಿಂದ ಸ್ವತ್ತು ಕೊಳ್ಳುವವರ ವಿಷಯ. 2007ರ ಕಾಯ್ದೆಯ 23ನೇ ಕಲಮಿನ ಎರಡನೆಯ ಉಪಕಲಮು ಅವರನ್ನೂ ಮುಟ್ಟುತ್ತದೆ. ಸ್ವತ್ತಿನ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕು ಹಿರಿಯರಿಗಿದ್ದು, ಆ ಸ್ವತ್ತು ಇನ್ನೊಬ್ಬರ ಕೈಗೆ ಹೋದರೆ, ಹೊಸ ಒಡೆಯನಿಗೆ ಆ ಹಕ್ಕಿನ ಅರಿವಿದ್ದಲ್ಲಿ, ಅಥವಾ ಅವನಿಗೂ ಅದು ಪುಕ್ಕಟೆಯಾಗಿ ಬಂದಿದ್ದಲ್ಲಿ, ಜೀವನಾಂಶವನ್ನು ಅವನಿಂದಲೂ ವಸೂಲು ಮಾಡಬಹುದು. ಬೆಲೆ ಕೊಟ್ಟು, ಗೊತ್ತಿಲ್ಲದೆ ಕೊಂಡವನಿಗೆ ಮಾತ್ರ ಬಿಡುಗಡೆ. ಆದರೆ ನೋಂದಾಯಿತ ಪತ್ರದಲ್ಲಿ ಇರುವುದು ತನಗೆ ಗೊತ್ತಿರಲಿಲ್ಲ ಎನ್ನುವ ಖರೀದಿದಾರನ ಮಾತನ್ನು ಕೋರ್ಟು ಸುಲಭವಾಗಿ ಕೇಳುವುದಿಲ್ಲ. ಆದಕಾರಣ ಋಣಭಾರ ಪತ್ರದಲ್ಲಿ 'ದಾನಪತ್ರ' ಎಂಬ ನಮೂದು ಕಂಡರೆ, ಅದರ ಮುಂದಿನ ಕ್ರಯಪತ್ರಗಳು ಎಷ್ಟೇ ಚೊಕ್ಕಟವಾಗಿದ್ದರೂ, ಆ ದಾನಪತ್ರದ ದೃಢೀಕೃತ ನಕಲನ್ನು ಮೊದಲ ಪುಟದಿಂದ ಸಾಕ್ಷಿಗಳ ರುಜುವಿನವರೆಗೂ ಓದಿ, ಕೊಟ್ಟವರು ಬದುಕಿದ್ದರೆ ಹೋಗಿ ಒಮ್ಮೆ ಮಾತನಾಡಿಸಿ ಬಂದ ಮೇಲೆಯೇ ಮುಂಗಡ ಕೊಡುವುದು ಲೇಸು.